ಉದ್ಯಮಿಗಳ ಭರವಸೆಯೂ ಉದ್ಯೋಗದ ಮುನ್ನೆಣಿಕೆಯೂ

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದಕ್ಕೆ ಅವೆರಡರ ವ್ಯಾಪ್ತಿಜ್ಞಾನವೇ ಆಧಾರವೆಂದು ನೈಯಾಯಿಕರ ಮತ. ಉದ್ಯಮಿಗಳ ಮನೋಭಾವವನ್ನು ಕೇಳಿ ತಿಳಿದು, ಅದರಿಂದ ದೇಶದ ಉದ್ಯೋಗಸ್ಥಿತಿಯನ್ನು ಊಹಿಸುವ ಅರ್ಥಶಾಸ್ತ್ರಜ್ಞರ ಪದ್ಧತಿಗೂ ಇದೇ ಪರೀಕ್ಷೆ ಸಲ್ಲತಕ್ಕದ್ದು.

ಪದ್ಧತಿಯ ಗುಣವನ್ನು ಮೊದಲು ಹೇಳುವುದು ನ್ಯಾಯ. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1949ರಲ್ಲಿ ಸ್ಥಾಪಿತವಾದ ಇಫೊ ಸಂಸ್ಥೆಯು ಪ್ರತಿ ತಿಂಗಳೂ ಸುಮಾರು 9,000 ಉದ್ಯಮಗಳನ್ನು ವಿಚಾರಿಸಿ, ಈಗಿನ ಸ್ಥಿತಿಯನ್ನೂ ಮುಂದಣ ಆರು ತಿಂಗಳ ನಿರೀಕ್ಷೆಯನ್ನೂ ಒಂದು ಸೂಚ್ಯಂಕದಲ್ಲಿ ಅಡಕಗೊಳಿಸುತ್ತದೆ. ಸರಕಾರದ ಉದ್ಯೋಗದ ಲೆಕ್ಕಗಳು ತಡವಾಗಿ ಬರುತ್ತವೆ. ಬಂದಮೇಲೆಯೂ ತಿದ್ದುಪಡಿ ಹೊಂದುತ್ತವೆ. ಸಮೀಕ್ಷೆಯಾದರೋ ಬೇಗನೆ ದೊರೆಯುತ್ತದೆ. ಅಲ್ಲದೆ ಕೆಲಸಕ್ಕೆ ಆಳನ್ನು ಸೇರಿಸುವವನೂ ಬಿಡಿಸುವವನೂ ಉದ್ಯಮಿಯೇ ಆದುದರಿಂದ ಅವನ ಮಾತಿಗೆ ಬೆಲೆಯುಂಟು.

ಆದರೆ ಯಾವ ಮಾತಿಗೆ? ಅಮೆರಿಕದಲ್ಲಿ ಸ್ವತಂತ್ರ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟವು ಪ್ರಕಟಿಸುವ ಸಣ್ಣ ಉದ್ಯಮಗಳ ಆಶಾವಾದದ ಸೂಚ್ಯಂಕವು 2016ರ ಅಕ್ಟೋಬರಿನಲ್ಲಿ 94.9 ಇದ್ದುದು, ಅಧ್ಯಕ್ಷರ ಚುನಾವಣೆಯಾದ ಮೇಲೆ ಡಿಸೆಂಬರಿನಲ್ಲಿ 105.8ಕ್ಕೆ ನೆಗೆಯಿತು. ದೇಶದ ಆರ್ಥಿಕಸ್ಥಿತಿ ಸುಧಾರಿಸೀತೆಂದವರ ಶೇಕಡ ಪ್ರಮಾಣದಿಂದ ಕೆಟ್ಟೀತೆಂದವರದನ್ನು ಕಳೆದರೆ, ಅಕ್ಟೋಬರಿನಲ್ಲಿ ಸೊನ್ನೆಗೂ 7 ಕಡಮೆಯಾಗಿದ್ದ ಶೇಷವು 50ಕ್ಕೇರಿತು. ತಾವೇ ಹೊಸಬರನ್ನು ನೇಮಿಸುವೆವೆಂಬ ಉತ್ತರಗಳಾದರೋ ಕೆಲವೇ ಅಂಶಗಳಷ್ಟು ಏರಿದುವು. 2017ರಲ್ಲಿ ಆ ದೇಶದಲ್ಲಿ ಹೆಚ್ಚಿದ ಉದ್ಯೋಗಗಳು 2016ರಲ್ಲಿ ಹೆಚ್ಚಿದುದಕ್ಕಿಂತ ಅಧಿಕವಾಗಲಿಲ್ಲ. ಬ್ರಿಟನ್ನಿನಲ್ಲಿ ಇದರ ವಿಪರ್ಯಾಸ: 2016ರ ಜನಮತಗಣನೆಯ ಮರುತಿಂಗಳು ಸೇವಾವಲಯದ ಸೂಚ್ಯಂಕ 47.4ಕ್ಕೆ ಕುಸಿದರೂ ಉದ್ಯೋಗ ಬೆಳೆಯುತ್ತಲೇ ಹೋಯಿತು. ದೇಶದ ವಿಷಯವಾಗಿ ಆಡಿದ ಮಾತಿನಲ್ಲಿ ರಾಜಕೀಯದ ಹರ್ಷವಿಷಾದಗಳು ಬೆರೆಯುತ್ತವೆ. ಅಂಥ ಮಾತು ಉದ್ಯೋಗಕ್ಕೆ ಸವ್ಯಭಿಚಾರವಾದ ಹೇತುವೇ ಸರಿ.

ಎರಡನೆಯ ದೋಷವು ಎಣಿಕೆಯ ಕ್ರಮದಲ್ಲಿಯೇ ಇದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಫಾರ್ ಸಪ್ಲೈ ಮ್ಯಾನೇಜ್‌ಮೆಂಟ್ ಸಂಸ್ಥೆಯ ಸೂಚ್ಯಂಕದಲ್ಲಿ, ಏರಿಕೆಯನ್ನು ಹೇಳಿದವರ ಶೇಕಡ ಪ್ರಮಾಣಕ್ಕೆ ಬದಲಾವಣೆಯಿಲ್ಲವೆಂದವರ ಅರ್ಧವನ್ನು ಕೂಡಿಸುತ್ತಾರೆ. 50 ಎಂಬುದು ಸಮಸ್ಥಿತಿ. ಹತ್ತು ಜನರನ್ನು ಬಿಟ್ಟವನೂ ಸಾವಿರ ಜನರನ್ನು ಬಿಟ್ಟವನೂ ‘ಇಳಿಕೆ’ ಎಂಬ ಒಂದೇ ಪದವನ್ನು ಬರೆಯುತ್ತಾರೆ. ತಯಾರಿಕೆಯ ಉದ್ಯೋಗದ ಅಂಕವು 2009ರ ಆರಂಭದಲ್ಲಿಯೂ 2020ರ ಏಪ್ರಿಲಿನಲ್ಲಿಯೂ 30ಕ್ಕಿಂತ ಕೆಳಗಿಳಿದಿತ್ತು. ಆದರೆ ಮೊದಲ ಸಂದರ್ಭದಲ್ಲಿ ತಿಂಗಳಿಗೆ ನಷ್ಟವಾದ ಕೆಲಸಗಳು 3 ಲಕ್ಷಕ್ಕಿಂತ ಕಡಮೆ. ಎರಡನೆಯದರಲ್ಲಿ ಒಂದೇ ತಿಂಗಳಿಗೆ ಸುಮಾರು 13 ಲಕ್ಷ. ಸೂಚ್ಯಂಕವು ದಿಕ್ಕನ್ನು ತೋರಿಸಿತೇ ಹೊರತು ದೂರವನ್ನು ತೋರಿಸಲಿಲ್ಲ.

ಹಾಗೆಂದು ಸಮೀಕ್ಷೆಗಳನ್ನು ತ್ಯಜಿಸಬೇಕಾಗಿಲ್ಲ. ಪ್ರಶ್ನೆಯನ್ನು ನೋಡಿ ಉತ್ತರವನ್ನು ತೂಗಬೇಕಾಗಿದೆ. ಮುಂದಣ ಮೂರು ತಿಂಗಳಲ್ಲಿ ನಿಮ್ಮಲ್ಲಿ ಕೆಲಸಗಾರರ ಸಂಖ್ಯೆ ಏನಾದೀತೆಂದು ಇಫೊ ಸಂಸ್ಥೆಯೇ ಪ್ರತ್ಯೇಕವಾಗಿ ಕೇಳುತ್ತದೆ. ದೇಶದ ಭವಿಷ್ಯವನ್ನು ಕುರಿತ ಪ್ರಶ್ನೆಗಿಂತ ಇದು ಸಾಧ್ಯಕ್ಕೆ ಹೆಚ್ಚು ಸಮೀಪವಾದ ಹೇತು. ಆದರೂ ಮುಚ್ಚಿಹೋದ ಕಾರ್ಖಾನೆ ಉತ್ತರವನ್ನು ಬರೆಯುವುದಿಲ್ಲ. ಭಾರತದಲ್ಲಿ ರಿಸರ್ವ್ ಬ್ಯಾಂಕಿನ ಕೈಗಾರಿಕಾ ಸಮೀಕ್ಷೆ ವಿಚಾರಿಸುವುದು ತಯಾರಿಕಾ ಕಂಪನಿಗಳನ್ನು; ದುಡಿಯುವ ಜನರಲ್ಲಿ ಬಹುಭಾಗವಿರುವುದು ಅಂಥ ಕಂಪನಿಗಳ ಹೊರಗೆ. ಒಡೆಯರ ಉತ್ಸಾಹವನ್ನೇ ಪ್ರಮಾಣವಾಗಿ ಹಿಡಿದು ಪರಿಹಾರಕಾರ್ಯವನ್ನು ಮುಂದೂಡಿದರೆ, ತಪ್ಪಿದ ಊಹೆಯ ಫಲವನ್ನು ಉಣ್ಣುವವನು ಉತ್ತರ ಬರೆದ ಉದ್ಯಮಿಯಲ್ಲ, ಪ್ರಶ್ನೆಯೇ ತಲಪದ ಕೂಲಿಗಾರ.