ಆನರ್ಸ್ ಸಂಶೋಧನೆ: ಒಂದು ವಿಮರ್ಶೆ

ಪದವಿ ತರಗತಿಯ ವಿದ್ಯಾರ್ಥಿಯು ಸಂಶೋಧನೆಗೆ ಅರ್ಹನೇ ಎಂಬ ಸಂದೇಹ ಹಳೆಯದು. 1928ರಲ್ಲಿ ಜರ್ಮನಿಯ ವಿಜ್ಞಾನಿ ಸೋಮರ್‌ಫೆಲ್ಡ್ ಮದರಾಸಿಗೆ ಬಂದಾಗ, ಪ್ರೆಸಿಡೆನ್ಸಿ ಕಾಲೇಜಿನ ಆನರ್ಸ್ ವಿದ್ಯಾರ್ಥಿ ಎಸ್. ಚಂದ್ರಶೇಖರ್ ಅವರನ್ನು ಕಂಡರು. ತಾವು ಓದಿದ್ದ ಪರಮಾಣು ಸಿದ್ಧಾಂತ ಆಗಲೇ ಹಳತಾಗಿತ್ತೆಂದು ತಿಳಿಯಿತು. ಲೋಹಗಳ ಎಲೆಕ್ಟ್ರಾನುಗಳನ್ನು ಕುರಿತ ಹೊಸ ಲೇಖನದ ಕರಡಚ್ಚು ಕೈಸೇರಿತು. ಮರುವರ್ಷವೇ, ಕೇಂಬ್ರಿಜಿನ ಫೌಲರರ ಮೂಲಕ, ಚಂದ್ರಶೇಖರರ ಲೇಖನ ರಾಯಲ್ ಸೊಸೈಟಿಯ ನಡವಳಿಗಳಲ್ಲಿ ಪ್ರಕಟವಾಯಿತು. ಪದವಿ ದೊರೆತದ್ದು 1930ರಲ್ಲಿ.

ಇದನ್ನು ಪ್ರತಿಭೆಯ ಪವಾಡವೆಂದು ಕೈಮುಗಿದು ಬಿಟ್ಟರೆ ನಾವು ಕಲಿಯುವುದೇನೂ ಇಲ್ಲ. ಪ್ರತಿಭೆಯ ಜೊತೆಗೆ ಆ ತರುಣನಿಗೆ ಒದಗಿದವು ಎರಡು: ಇನ್ನೂ ಇತ್ಯರ್ಥವಾಗದ ಸಾಮಗ್ರಿ, ಬರೆದುದನ್ನು ಗಂಭೀರವಾಗಿ ಓದುವ ಹಿರಿಯರು.

ನಮ್ಮ ನಿಯಮಗಳು ಈ ಎರಡನ್ನೂ ಕೇಳುವುದಕ್ಕೆ ಮೊದಲು ಅಂಕವನ್ನು ಕೇಳುತ್ತವೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ಚೌಕಟ್ಟು, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಥವಾ ಹೆಚ್ಚು ಅಂಕ ಪಡೆದವರಿಗೆ ನಾಲ್ಕನೆಯ ವರ್ಷದ ಸಂಶೋಧನೆಯನ್ನು ಮೀಸಲಿಟ್ಟಿತು. ಅಂಕವು ಗೊತ್ತಿರುವ ಉತ್ತರದ ಅಳತೆ. ಉತ್ತರ ತಿಳಿಯದ ಪ್ರಶ್ನೆಯೊಡನೆ ಬಾಳುವ ತಾಳ್ಮೆಯನ್ನು ಅದು ಅಳೆಯಲಾರದು.

ಮಾನವಿಕ ವಿಷಯಗಳಲ್ಲಿ ಈ ದೋಷ ಇನ್ನೂ ಸ್ಪಷ್ಟ. ಹತ್ತು ಪುಸ್ತಕಗಳ ಸಾರಾಂಶವೇ ಅಲ್ಲಿ ಪ್ರಬಂಧವೆನಿಸಿಬಿಡುತ್ತದೆ. ಅದಕ್ಕಿಂತ, ತನ್ನೂರಿನ ಕಲ್ಲಿನ ಶಾಸನವನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಪಾಠದೊಡನೆ ಹೋಲಿಸಿ, ಒಂದೇ ಅಕ್ಷರದ ಓದನ್ನು ಆಧಾರಸಹಿತ ಸಮರ್ಥಿಸಿದರೂ, ಶಂಕಿಸಿದರೂ, ಅದು ಸಂಶೋಧನೆ.

ಕರ್ನಾಟಕವು 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ವರ್ಷ ಮೂರಾಗಲಿ, ನಾಲ್ಕಾಗಲಿ, ವಿದ್ಯಾರ್ಥಿಯ ಕೈಗೆ ಒಂದು ನಿಜವಾದ ಪ್ರಶ್ನೆಯನ್ನು ಕೊಡುವ ಹೊಣೆ ಅಧ್ಯಾಪಕರದೇ.