ಲಾಗ್‌ಬುಕ್ಕು ಇಬ್ಬರ ಆಸ್ತಿ

ಮೈಲಾಪುರದ ಹವ್ಯಾಸಿ ರೇಡಿಯೋದ ಹ್ಯಾಮ್ ಒಬ್ಬರು ವೇಳಚೇರಿಗೆ ಮನೆ ಬದಲಿಸಿದರೆ ಅವರ ಕಾಲ್‌ಸೈನ್ ಬದಲಾಗುವುದಿಲ್ಲ, ಗ್ರಿಡ್, ಅಂದರೆ ಭೂಪಟದ ಚೌಕದ ಸಂಕೇತ, ಬದಲಾಗುತ್ತದೆ. 13 ಡಿಗ್ರಿ ಉತ್ತರ ಅಕ್ಷಾಂಶ ಚೆನ್ನೈಯನ್ನು ಅಡ್ಯಾರ್ ಆಸುಪಾಸಿನಲ್ಲಿ ಅಡ್ಡಕ್ಕೆ ಸೀಳುತ್ತದೆ. ಗೆರೆಯ ಉತ್ತರಕ್ಕೆ ಎನ್‌ಕೆ03, ದಕ್ಷಿಣಕ್ಕೆ ಎನ್‌ಕೆ02. ಪಶ್ಚಿಮಕ್ಕೆ ಹೊರಟು ಶ್ರೀಪೆರುಂಬುದೂರು ಮುಟ್ಟುವಷ್ಟರಲ್ಲಿ 80 ಡಿಗ್ರಿ ರೇಖಾಂಶವೂ ದಾಟಿ ಎಂಕೆ92 ಬಂದಿರುತ್ತದೆ. ಇದೇ 13 ಡಿಗ್ರಿ ಬೆಂಗಳೂರನ್ನೂ ಬಿಟ್ಟಿಲ್ಲ: ಜಯನಗರ ಎಂಕೆ82, ಯಲಹಂಕ ಎಂಕೆ83.

ಉಪಗ್ರಹದ ಮೂಲಕ ಮಾತಾಡುವವರು, ಆರು ಮೀಟರ್ ಬ್ಯಾಂಡಿನ ಹುಚ್ಚಿನವರು ಒಂದೊಂದೇ ಗ್ರಿಡ್ ಕೂಡಿಸುತ್ತಾರೆ. ಅವರಿಗೆ ಬೇಕಿರುವುದು ನಾನು ಈಗ ಎಲ್ಲಿದ್ದೇನೆ ಎನ್ನುವುದಲ್ಲ, ಅವರೊಡನೆ ಮಾತಾಡಿದ ದಿನ ಎಲ್ಲಿದ್ದೆ ಎನ್ನುವುದು. ಲಾಗ್ ಬರೆಯುವ ತಂತ್ರಾಂಶ ನನ್ನ ಗ್ರಿಡ್ಡನ್ನು ಸೆಟ್ಟಿಂಗ್ಸಿನಲ್ಲಿ ಒಂದೇ ಕಡೆ ಇಟ್ಟುಕೊಂಡು, ಎಕ್ಸ್‌ಪೋರ್ಟ್ ಮಾಡುವಾಗ ಹಳೆಯ ಸಂಪರ್ಕಗಳಿಗೆಲ್ಲ ಅದನ್ನೇ ಅಂಟಿಸಿದರೆ ಎಲ್ಲೋ ದೂರದಲ್ಲಿರುವ ಒಬ್ಬರ ಲೆಕ್ಕ ತಪ್ಪುತ್ತದೆ. ಪ್ರತಿ ಸಂಪರ್ಕದ ಜೊತೆಗೇ ನನ್ನ ಅಂದಿನ ಠಿಕಾಣಿ ದಾಖಲಾಗಬೇಕು. ತಂತ್ರಾಂಶ ಬರೆಯುವವರಿಗೆ ನನ್ನ ಮೊದಲ ಕೋರಿಕೆ ಇದು.

ಬಣ್ಣದ ಭೂಪಟ, ತಿರುಗುವ ಗೋಳ, ಕಾಲ್‌ಸೈನ್ ಕೂಗಿ ಹೇಳುವ ದನಿ, ಕತ್ತಲೆಗೆ ಹೊಂದುವ ಪರದೆ ಎಂದು ಜನ ಕೇಳುತ್ತಲೇ ಇರುತ್ತಾರೆ. ಕೇಳಲಿ, ಚೆಂದವೇ. ಆದರೆ ಬರೆದದ್ದು ಉಳಿಯಬೇಕು, ಉಳಿದದ್ದು ಇಡಿಯಾಗಿ ಹೊರಗೆ ಬರಬೇಕು. ಬೇರೆಲ್ಲ ಕೋರಿಕೆಗಳೂ ಇದರ ಹಿಂದೆ ಸಾಲಿನಲ್ಲಿ ನಿಲ್ಲಬೇಕು. ಯಾಕೆಂದರೆ ಲಾಗ್‌ನ ಒಂದೊಂದು ಸಾಲಿಗೂ ಇಬ್ಬರು ಒಡೆಯರು. ನನ್ನ ಲಾಗ್ ಹೋದರೆ, ನನ್ನ ಕ್ಯೂಎಸ್‌ಎಲ್ ಕಾರ್ಡಿಗಾಗಿ ಕಾಯುತ್ತಿರುವವನ ಸಂಪರ್ಕಕ್ಕೂ ಸಾಕ್ಷಿ ಇಲ್ಲವಾಗುತ್ತದೆ.

ನಮ್ಮ ದೇಶದ 1978ರ ಹವ್ಯಾಸಿ ರೇಡಿಯೋ ನಿಯಮಗಳು ಲಾಗನ್ನು ಬಿಡಿ ಹಾಳೆಯಲ್ಲಿ ಬರೆಯಬೇಡಿ, ಹೊಲಿದ ಪುಸ್ತಕದಲ್ಲಿ ಬರೆಯಿರಿ ಎಂದವು. ಹಾಳೆ ಕಳೆದರೆ ಗೊತ್ತಾಗಲಿ ಎಂಬ ಎಚ್ಚರ ಅದರಲ್ಲಿದೆ. ಕಂಪ್ಯೂಟರಿನಲ್ಲಿ ಆ ಎಚ್ಚರವನ್ನು ನಾವೇ ಕಟ್ಟಿಕೊಳ್ಳಬೇಕು.

ಅದಕ್ಕೆ ಆಧಾರ 1996ರಲ್ಲಿ ಹುಟ್ಟಿದ ಅಡಿಫ್ ಎಂಬ ಸಾದಾ ಪಠ್ಯದ ಮಾದರಿ. ಯಾವ ತಂತ್ರಾಂಶದಿಂದ ಯಾವುದಕ್ಕೆ ಹೋಗಬೇಕಾದರೂ ಇದೇ ದಾರಿ. ಅದರಲ್ಲಿ ಪ್ರತಿ ಮಾಹಿತಿಯ ಮುಂದೆ ಅದರ ಹೆಸರು, ಎಷ್ಟು ಅಕ್ಷರ ಎಂಬ ಅಂಕಿ, ಆಮೇಲೆ ಮಾಹಿತಿ. ಇಂಗ್ಲಿಷಿನಲ್ಲಿ ಬರೆಯುವವರೆಗೆ ತೊಂದರೆಯಿಲ್ಲ. ಹೆಸರಿನ ಜಾಗದಲ್ಲಿ ಕನ್ನಡದಲ್ಲೇ ‘ರಮೇಶ’ ಎಂದು ಬರೆದು ನೋಡಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಎಣಿಕೆಯಲ್ಲಿ ಏತ್ವವೂ ಸೇರಿ 4. ಯುಟಿಎಫ್-8 ಆಗಿ ಡಿಸ್ಕಿಗೆ ಇಳಿಯುವಾಗ 12 ಬೈಟ್. ಒಂದು ತಂತ್ರಾಂಶ 4 ಎಂದು ಬರೆದು, ಇನ್ನೊಂದು ಅದನ್ನು 4 ಬೈಟ್ ಎಂದು ಓದಿದರೆ ರಮೇಶರ ಹೆಸರು ಎರಡನೇ ಅಕ್ಷರದ ನಡುವೆಯೇ ತುಂಡಾಗುತ್ತದೆ. ಅಡಿಫ್‌ನ ಸಾದಾ ರೂಪದಲ್ಲಿ ಅಧಿಕೃತವಾಗಿ ಆಸ್ಕಿ ಅಕ್ಷರಗಳಿಗೆ ಮಾತ್ರ ಜಾಗ. ಇತರ ಲಿಪಿಗಳಿಗೆಂದು ಅದರ ಎಕ್ಸ್‌ಎಂಎಲ್ ರೂಪವಿದೆ, ಬಳಸುವ ತಂತ್ರಾಂಶಗಳು ಕಡಿಮೆ. ಆ ರೂಪವನ್ನೂ ಓದಿ ಬರೆಯುವಂತೆ ಮಾಡಿ ಎಂಬುದು ನನ್ನ ಇನ್ನೊಂದು ಕೋರಿಕೆ. ಅದಾಗುವವರೆಗೆ ಕನ್ನಡ, ತಮಿಳಿನ ಟಿಪ್ಪಣಿಗಳನ್ನು ಬೇರೆ ಫೈಲಿನಲ್ಲಿ ಇಟ್ಟುಕೊಳ್ಳುವುದು ಕ್ಷೇಮ.

ವೇಳೆಯದೂ ಒಂದು ಮಾತಿದೆ. ಲಾಗ್ ನಡೆಯುವುದು ಯುಟಿಸಿಯಲ್ಲಿ. ನಮಗೆ ತಾರೀಖು ಬದಲಾಗುವುದು ಬೆಳಗಿನ ಜಾವ 5:30ಕ್ಕೆ, ಬ್ಯಾಂಡ್ ತೆರೆದುಕೊಳ್ಳುವ ಒಳ್ಳೆಯ ಹೊತ್ತಿಗೇ. ಕಂಪ್ಯೂಟರನ್ನು ಹೊಸದಾಗಿ ಸಜ್ಜುಗೊಳಿಸಿದ ಮೇಲೆ ಟೈಮ್ ಝೋನ್ ತಪ್ಪಿದ್ದರೆ ಸಂಪರ್ಕಗಳೆಲ್ಲ ಐದೂವರೆ ಗಂಟೆ ಆಚೀಚೆ. ಅಮೆರಿಕದ ಎಆರ್‌ಆರ್‌ಎಲ್ ಸಂಸ್ಥೆಯ ಲಾಗ್‌ಬುಕ್ ಆಫ್ ದಿ ವರ್ಲ್ಡ್ ಎಂಬ, ಸಂಪರ್ಕಗಳನ್ನು ತಾಳೆ ನೋಡುವ ಆನ್‌ಲೈನ್ ಸೇವೆ ಇಬ್ಬರ ದಾಖಲೆಗಳ ನಡುವೆ 30 ನಿಮಿಷದ ವ್ಯತ್ಯಾಸವನ್ನಷ್ಟೇ ಸಹಿಸುತ್ತದೆ.

ಎಲ್ಲವನ್ನೂ ಅಲ್ಲಿಗೆ ಕಳಿಸಿದ್ದೇನೆ, ನನಗೇಕೆ ಬ್ಯಾಕಪ್ ಎನ್ನುವವರಿದ್ದಾರೆ. 2024ರ ಮೇ ತಿಂಗಳ ನಡುವೆ ಎಆರ್‌ಆರ್‌ಎಲ್ ಜಾಲದ ಮೇಲೆ ಸೈಬರ್ ದಾಳಿಯಾಗಿ, ಆ ಸೇವೆ ಮರಳಿ ತೆರೆದದ್ದು ಜುಲೈ 1ಕ್ಕೆ. ದಾಖಲೆಗಳು ಉಳಿದವು, ನಿಜ. ಆದರೂ ಅಲ್ಲಿ ಇರುವುದು ಸಂಪರ್ಕ ಹೊಂದಿಸಲು ಬೇಕಾದಷ್ಟು ಮಾಹಿತಿ ಮಾತ್ರ. ಆ ದಿನದ ಟಿಪ್ಪಣಿ, ಎದುರಿನವರು ಹೇಳಿದ ಆಂಟೆನಾ ವಿವರ ಅಲ್ಲಿರುವುದಿಲ್ಲ.

2015ರ ಡಿಸೆಂಬರ್ ಮೊದಲ ವಾರ ಅಡ್ಯಾರ್ ನದಿ ಸೈದಾಪೇಟೆ, ಕೋಟ್ಟೂರ್‌ಪುರದ ಮನೆಗಳಿಗೆ ನುಗ್ಗಿತು. ಮರುವರ್ಷ ಡಿಸೆಂಬರ್ 12ಕ್ಕೆ ವರ್ದಾ ಚಂಡಮಾರುತ ಊರಿನ ಮರಗಳನ್ನು ಉರುಳಿಸಿತು. ಇಂಥ ಊರಿನಲ್ಲಿ ರೇಡಿಯೋ ಮೇಜಿನ ಡ್ರಾಯರಿನಲ್ಲಿರುವ ಪೆನ್ ಡ್ರೈವನ್ನು ಬ್ಯಾಕಪ್ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಒಂದು ಪ್ರತಿ ಊರಾಚೆ ಇರಬೇಕು. ಮೈಸೂರಿನ ತಂಗಿಯ ಮನೆಯ ಬೀರುವಾದರೂ ಆದೀತು. ತಾನಾಗಿ ಸಿಂಕ್ ಆಗುವ ಫೋಲ್ಡರೂ ಸಾಲದು. ಇಲ್ಲಿ ಅಳಿಸಿಹೋದದ್ದು ಅಲ್ಲಿಯೂ ಅಳಿಸಿಹೋಗುತ್ತದೆ; ತಂತ್ರಾಂಶ ತೆರೆದಿರುವಾಗಲೇ ನಕಲಾದ ಡೇಟಾಬೇಸ್ ಅರ್ಧಂಬರ್ಧ ಇರಬಹುದು. ಮೊದಲು ತಂತ್ರಾಂಶ ಮುಚ್ಚಿ, ಆಮೇಲೆ ಡೇಟಾಬೇಸ್ ನಕಲು ಮಾಡಿ. ಅಡಿಫ್ ಎಕ್ಸ್‌ಪೋರ್ಟ್ ಅದರ ಜೊತೆಗೆ ಇರಲಿ, ಬದಲಿಗಲ್ಲ. ಸೆಟ್ಟಿಂಗ್ಸು, ಕಾರ್ಡುಗಳ ಚಿತ್ರ ಅಡಿಫ್‌ನಲ್ಲಿ ಬರುವುದಿಲ್ಲ.

ಬ್ಯಾಕಪ್ ಆಯಿತೆಂದು ನಂಬುವ ಮೊದಲು ಅದನ್ನು ಇನ್ನೊಂದು ಕಂಪ್ಯೂಟರಿಗೆ ಇಳಿಸಿ ನೋಡಬೇಕು. ಒಟ್ಟು ಸಂಖ್ಯೆ ಹೊಂದುತ್ತದೆಯೇ, ಮೊದಲ ಮತ್ತು ಕೊನೆಯ ಸಂಪರ್ಕ ಸರಿಯಿವೆಯೇ, ನಡುವಿನ ನಾಲ್ಕೈದು ದಾಖಲೆಗಳ ಟಿಪ್ಪಣಿ ಹಾಗೇ ಇದೆಯೇ? ಈ ತಾಳೆ ನೋಡುವ ಕೆಲಸವನ್ನು ತಂತ್ರಾಂಶವೇ ಒಂದು ಗುಂಡಿ ಒತ್ತಿದರೆ ಮಾಡಿ, ಎಷ್ಟು ಬರೆದೆ, ಎಷ್ಟು ಮರಳಿ ಓದಿದೆ ಎಂದು ತೋರಿಸಲಿ ಎಂದು ಕೇಳಿ. ತಂತ್ರಾಂಶ ಬರೆಯುವವರು ಬಹಳ ಸಲ ಒಬ್ಬಿಬ್ಬರೇ, ನಮ್ಮ ಹಾಗೆ ಹ್ಯಾಮ್‌ಗಳೇ, ಬಿಡುವಿನಲ್ಲಿ ದುಡಿಯುವವರು. ಕೋರಿಕೆಯ ಜೊತೆ ಆವೃತ್ತಿಯ ಸಂಖ್ಯೆ ಬರೆದು ಒಂದು ಪುಟ್ಟ ಅಡಿಫ್ ಫೈಲ್ ಕಳಿಸಿ. ಅದರಲ್ಲಿ ಬೆಳಗಿನ 5:30ರ ಆಚೀಚಿನ ಎರಡು ಸಂಪರ್ಕ, ಮೈಲಾಪುರದ್ದೊಂದು, ವೇಳಚೇರಿಯದ್ದೊಂದು ಇರಲಿ.