ಸಭೆಗೆ ಕರೆಯದವರು ಕಟ್ಟಿದ ಊರು

ಉರ್ದು ಕಥೆಗಾರ ಗುಲಾಂ ಅಬ್ಬಾಸರ (1909-1982) ‘ಆನಂದಿ’ ಕಥೆಯನ್ನು ನಾವು ಮೊದಲು ಓದಿದ್ದು ವಿದ್ಯಾರ್ಥಿ ದೆಸೆಯಲ್ಲಿ. ಆಗ ಅದು ಸಭ್ಯಸ್ಥರ ಬೂಟಾಟಿಕೆಯನ್ನು ಬಯಲಿಗೆಳೆಯುವ ವಿಡಂಬನೆಯಾಗಿ ಮಾತ್ರ ಕಂಡಿತ್ತು. ಶ್ಯಾಮ್ ಬೆನಗಲ್ 1983ರಲ್ಲಿ ಈ ಕಥೆಯನ್ನು ಆಧರಿಸಿ ತೆಗೆದ ‘ಮಂಡಿ’ ಚಿತ್ರವನ್ನು ನೋಡಿದವರಿಗೂ ನೆನಪಿನಲ್ಲಿ ಉಳಿಯುವುದು ಕೋಠಿಯ ಹೆಂಗಸರೇ. ಈಚೆಗೆ ಮತ್ತೆ ಓದಲು ಕುಳಿತಾಗ ನಮ್ಮ ಕಣ್ಣು ನಿಂತದ್ದು ಕಥೆ ಶುರುವಾಗುವ ಜಾಗದಲ್ಲಿ. ಅದು ಕೋಠಿಯಲ್ಲ, ಪುರಸಭೆಯ ಸಭಾಂಗಣ.

ಸಭಾಂಗಣ ಕಿಕ್ಕಿರಿದಿದೆ. ಎಂದಿನಂತಲ್ಲದೆ ಒಬ್ಬ ಸದಸ್ಯರೂ ಗೈರುಹಾಜರಾಗಿಲ್ಲ. ವೇಶ್ಯೆಯರನ್ನು ನಗರದ ನಡುವಿನಿಂದ ಹೊರಹಾಕಬೇಕೆಂಬುದು ಚರ್ಚೆಯ ವಿಷಯ. ಒಬ್ಬೊಬ್ಬರಾಗಿ ಎದ್ದು ಮಾತಾಡುತ್ತಾರೆ. ಕೊನೆಗೆ ಆರು ಕೋಸು ದೂರದ ಪಾಳು ಜಾಗವೊಂದನ್ನು ಅವರಿಗೆ ಗೊತ್ತುಮಾಡಲಾಗುತ್ತದೆ. ಮೊದಮೊದಲು ಪ್ರತಿಭಟಿಸಿದ ಹೆಂಗಸರು ಮಣಿಯುತ್ತಾರೆ. ಅವರಲ್ಲಿ ಅನುಕೂಲವಿದ್ದ ಹದಿನಾಲ್ಕು ಮಂದಿ ಅಲ್ಲಿ ಮನೆ ಕಟ್ಟಲು ಹೊರಡುತ್ತಾರೆ. ಕೂಲಿಯವರು ಬರುತ್ತಾರೆ, ಅವರಿಗಾಗಿ ಅಂಗಡಿ ಏಳುತ್ತದೆ, ಪಾಳು ಮಸೀದಿಯಲ್ಲಿ ನಮಾಝ್ ಶುರುವಾಗುತ್ತದೆ. ಇಪ್ಪತ್ತು ವರ್ಷಗಳಲ್ಲಿ ಅದೇ ದೊಡ್ಡ ನಗರವಾಗುತ್ತದೆ. ಕಥೆಯ ಕೊನೆಗೆ ಆ ಹೊಸ ನಗರದ ಪುರಸಭೆಯೂ ಸಭೆ ಸೇರುತ್ತದೆ. ಅದೇ ವಿಷಯ, ಅದೇ ಭಾಷಣ. ಈ ಸಲ ಹನ್ನೆರಡು ಕೋಸು.

ಅಬ್ಬಾಸರು ಎಲ್ಲಿಯೂ ತೀರ್ಪು ಕೊಡುವುದಿಲ್ಲ. ಸಭೆಯ ನಡಾವಳಿ ಬರೆಯುವ ಗುಮಾಸ್ತನ ತಣ್ಣಗಿನ ದನಿಯಲ್ಲಿ ಹೇಳುತ್ತಾ ಹೋಗುತ್ತಾರೆ. ಕಥೆಯ ಶಕ್ತಿ ಅದು. ಆದರೆ ಅದರೊಳಗೆ ಒಂದು ಅಪಾಯವೂ ಇದೆ ಎಂದು ಈಗ ನಮಗೆ ಅನಿಸುತ್ತದೆ. ಹನ್ನೆರಡು ಕೋಸಿನ ಮಾತಿಗೆ ಓದುಗ ಸದಸ್ಯರನ್ನು ನೋಡಿ ನಗುತ್ತಾನೆ. ನಕ್ಕು, ತಾನು ಅವರಲ್ಲೊಬ್ಬನಲ್ಲ ಎಂದು ಸಮಾಧಾನಪಟ್ಟುಕೊಂಡು ಪುಸ್ತಕ ಮಡಚುತ್ತಾನೆ. ಯಾರ ಬದುಕಿನ ತೀರ್ಮಾನವೋ ಅವರಿಗೆ ಆ ಸಭೆಯಲ್ಲಿ ಕುರ್ಚಿ ಇರಲಿಲ್ಲವಲ್ಲ ಎಂಬ ಪ್ರಶ್ನೆ ನಗೆಯಲ್ಲಿ ಮುಳುಗಿಹೋಗುತ್ತದೆ.

ಆ ಕುರ್ಚಿಯನ್ನು ಇಂದಿನ ಕಾನೂನು ಸ್ವಲ್ಪ ಮಟ್ಟಿಗೆ ಹಾಕಿದೆ. ಸಂವಿಧಾನದ 74ನೇ ತಿದ್ದುಪಡಿ (1992) ಮೂರು ಲಕ್ಷಕ್ಕೆ ಮೇಲ್ಪಟ್ಟ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದಿತು. ಕರ್ನಾಟಕದ 2011ರ ತಿದ್ದುಪಡಿ ಮಹಾನಗರ ಪಾಲಿಕೆಗಳ ಪ್ರತಿ ವಾರ್ಡಿಗೂ ಒಂದು ಸಮಿತಿಯನ್ನು ವಿಧಿಸಿತು. ಅದರ ಹತ್ತು ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ-ಪಂಗಡದವರು, ಇಬ್ಬರು ನಿವಾಸಿ ಸಂಘಗಳವರು ಇರಬೇಕು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇನ್ನೂ ಮುಂದೆ ಹೋಗಿ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳೇ ಇರಬೇಕು, ಮೂವತ್ತು ದಿನಗಳ ನೋಟಿಸಿಲ್ಲದೆ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ. ಆನಂದಿಯ ಹೆಂಗಸರಿಗೆ ಸಿಗದಿದ್ದ ಮಾತು ಇದೇ. ಕುರ್ಚಿ ಇದ್ದರೂ ಸಭೆಯೇ ಇಲ್ಲದಿದ್ದರೆ? ಬೆಂಗಳೂರಿನಲ್ಲಿ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರಲ್ಲಿ ಪಾಲಿಕೆ ಐದಾಗಿ ಒಡೆಯುವವರೆಗೂ ಚುನಾವಣೆ ನಡೆಯಲಿಲ್ಲ.

ಇಷ್ಟೆಲ್ಲ ಬರೆಯುವ ನಾವು ಮಾಡಿದ್ದೇನು? ಹಲವು ವರ್ಷಗಳ ಹಿಂದೆ ವಾರ್ಡಿನ ಸಭೆಯೊಂದಕ್ಕೆ ಹೋಗಿದ್ದೆವು. ಮಸೀದಿ ರಸ್ತೆಯ ತಳ್ಳುಗಾಡಿಗಳಿಂದ ಓಡಾಟಕ್ಕೆ ತೊಂದರೆ, ಅವನ್ನು ಬೇರೆಡೆಗೆ ಕಳಿಸಬೇಕೆಂಬ ಮಾತು ಬಂತು. ಎಲ್ಲರೂ ಒಪ್ಪಿದರು. ನಮಗೆ ನಿತ್ಯ ಕೊತ್ತಂಬರಿ ಸೊಪ್ಪು ಕೊಡುತ್ತಿದ್ದ ಖಾಲಾ ಗೇಟಿನ ಹೊರಗೇ ನಿಂತಿದ್ದರು. “ಒಳಗೆ ಬನ್ನಿ ಖಾಲಾ” ಎನ್ನಬೇಕೆನಿಸಿತು, ಎನ್ನಲಿಲ್ಲ. ಕಾಯ್ದೆ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಸಭೆ ಮುಗಿದಾಗ ಅವರು ಕೇಳಿದ್ದು ಒಂದೇ: “ಎಲ್ಲಿಗೆ ಹೋಗಬೇಕಂತೆ, ಬೇಟಾ?”

ಆ ದಿನದಿಂದ ‘ಆನಂದಿ’ಯ ತುಂಬಿದ ಸಭಾಂಗಣದಲ್ಲಿ ನಮಗೆ ನಮ್ಮ ಮುಖವೂ ಕಾಣುತ್ತದೆ. ಓದುಗರೇ, ಕಥೆಯನ್ನು ಹುಡುಕಿ ಓದಿ. ನಗೆ ಬಂದರೆ ನಗಿ. ಆಮೇಲೆ ನಿಮ್ಮ ವಾರ್ಡಿಗೆ ಸಮಿತಿ ಇದೆಯೇ, ಅದು ಕೊನೆಯ ಬಾರಿ ಸೇರಿದ್ದು ಎಂದು, ಅದರ ನಡಾವಳಿ ಎಲ್ಲಿದೆ ಎಂದು ವಿಚಾರಿಸಿ. ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಸಭೆಗೆ ಹೋಗುವಾಗ ಗೇಟಿನ ಹೊರಗೆ ಯಾರು ನಿಂತಿದ್ದಾರೆಂದು ನೋಡಿ, ಅವರನ್ನೂ ಒಳಗೆ ಕರೆದುಕೊಂಡು ಹೋಗಿ.